ನಿನ್ನ ರಕ್ತಪಿಶಾಚಿ ಮೊದಲು ಯಾರ ಮನೆ ಬಾಗಿಲು ತಟ್ಟಬೇಕು?

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಥೆ ಎರಡು ಸಲ ಓದಿದೆ. ಮೊದಲ ಸಲ ಸುಮ್ನೆ ಓದಿದೆ, ಎರಡನೇ ಸಲ ಕೆಂಪು ಪೆನ್ನು ಹಿಡಿದು. ಮೂವತ್ತು ವರ್ಷ ಕಂಡವರ ಕರಡು ತಿದ್ದಿದ ಕೈ ಇದು, ಸುಮ್ಮನಿರು ಅಂದರೆ ಇರುವುದಿಲ್ಲ. ಕಾಗುಣಿತದ ತಪ್ಪುಗಳನ್ನು ಅಂಚಿನಲ್ಲೇ ಗುರುತು ಮಾಡಿದ್ದೇನೆ. ಈ ಪತ್ರ ಬರೆಯುತ್ತಿರುವುದು ಕಥೆಗೆ ಪಿನ್ ಮಾಡಿ ಒಂದು ಚೀಟಿ ಕಳಿಸಿದ್ದೆಯಲ್ಲ, ಅದಕ್ಕಾಗಿ.

"ದೊಡ್ಡಮ್ಮ, ವ್ಯಾಂಪೈರ್ ರೂಲ್ಸ್ ಎಲ್ಲ ಸರಿಯಾಗಿದೆಯಾ ನೋಡಿ" ಅಂತ ಬರೆದಿದ್ದೀಯ. ನೋಡಿದೆ. ಬೆಳ್ಳುಳ್ಳಿ ಇದೆ, ಕನ್ನಡಿ ಇದೆ, ಬಿಸಿಲಿಗೆ ಬೂದಿಯಾಗುವುದು ಇದೆ, ಕಪ್ಪು ನಿಲುವಂಗಿ ಇದೆ, ಬಾವಲಿಯೂ ಇದೆ. ಹಾಜರಿ ಕರೆದ ಹಾಗೆ ಎಲ್ಲವೂ ಸಾಲಾಗಿ ಬಂದು ನಿಂತಿವೆ. ಆದರೆ ನನಗೆ ಒಂದು ಕಡೆಯೂ ಭಯ ಆಗಲಿಲ್ಲ ಮಾರಾಯ್ತಿ.

ಮೊದಲು ಈ ರೂಲ್ಸ್ ವಿಷಯ ಮುಗಿಸಿಬಿಡೋಣ. ಬಿಸಿಲಿಗೆ ರಕ್ತಪಿಶಾಚಿ ಸಾಯುತ್ತದೆ ಅನ್ನುವುದು ಹಳೇ ಕಾಲದ ನಂಬಿಕೆ ಅಂದುಕೊಂಡಿದ್ದೀಯ ಅಲ್ವಾ? ಅದು ಸಿನಿಮಾದವರ ಕೊಡುಗೆ. 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು'ವಿನ ಕೊನೆಯಲ್ಲಿ ಬೆಳಗಿನ ಬಿಸಿಲು ಬಿದ್ದು ಪಿಶಾಚಿ ಮಾಯವಾಗುತ್ತಾನೆ. ಮುಂದೆ ಬಂದವರೆಲ್ಲ ಅದನ್ನೇ ಹಿಡಿದುಕೊಂಡರು. ಆ ಚಿತ್ರ ಮಾಡಿದ್ದೂ ಕದ್ದೇ. ಬ್ರಾಮ್ ಸ್ಟೋಕರ್ ಅವರ 'ಡ್ರಾಕುಲಾ' ಕಾದಂಬರಿಯನ್ನು ಅನುಮತಿ ಕೇಳದೆ, ಹೆಸರು ಬದಲಿಸಿ ತೆಗೆದರು. ಸ್ಟೋಕರ್ ಆಗ ಬದುಕಿರಲಿಲ್ಲ, ಅವರ ಹೆಂಡತಿ ಕೋರ್ಟಿಗೆ ಹೋದರು. ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ 1925ರಲ್ಲಿ ಆದೇಶ ಆಯಿತು. ಆದರೂ ಕೆಲವು ಪ್ರತಿ ಹೇಗೋ ಉಳಿದುಕೊಂಡವು. ಪಿಶಾಚಿಯ ಸಿನಿಮಾ ಅಷ್ಟು ಸುಲಭಕ್ಕೆ ಸಾಯುತ್ತಾ?

ಮೂಲ ಕಾದಂಬರಿ 1897ರದು. ಅದರಲ್ಲಿ ಡ್ರಾಕುಲಾ ಹಗಲಲ್ಲೇ ಲಂಡನ್ನಿನ ಬೀದಿಯಲ್ಲಿ ನಿಲ್ಲುತ್ತಾನೆ. ಹಗಲು ಅವನ ಶಕ್ತಿ ಕಡಿಮೆ, ಅಷ್ಟೇ. ಅವನಿಗೆ ಉದ್ದನೆಯ ಬಿಳಿ ಮೀಸೆ. ಅಂಗೈ ನಡುವೆ ಕೂದಲು. ಹತ್ತಿರ ಬಂದರೆ ಬಾಯಿ ವಾಸನೆ. ಕೊನೆಗೆ ಅವನ ಎದೆಗೆ ಗೂಟ ಹೊಡೆಯುವುದೂ ಇಲ್ಲ, ಇಬ್ಬರ ಎರಡು ಚಾಕುಗಳಲ್ಲೇ ಕೆಲಸ ಮುಗಿಯುತ್ತದೆ. ಇನ್ನು ನೀನು ಅರ್ಧ ಪುಟ ವರ್ಣಿಸಿರುವ ಎತ್ತರದ ಕಾಲರಿನ ನಿಲುವಂಗಿ ನಾಟಕದವರದು. ನಟ ಬೆನ್ನು ತಿರುಗಿಸಿ ನಿಂತಾಗ ತಲೆ ಮರೆಯಾಗಬೇಕಿತ್ತು, ಅವನು ರಂಗದ ನೆಲದ ಕಿಂಡಿಯಿಂದ ಕೆಳಗೆ ಜಾರಿಕೊಳ್ಳಬೇಕಿತ್ತು. ಅದಕ್ಕೆ ಹೊಲಿಸಿದ ಕಾಲರು.

ಬಾವಲಿಯ ಕಥೆಯೂ ತಿರುಗುಮುರುಗು. ಪಿಶಾಚಿಯ ಹೆಸರನ್ನು ತಂದು ಬಾವಲಿಗೆ ಇಟ್ಟರು. ರಕ್ತ ಕುಡಿಯುವ ಬಾವಲಿ ಇರುವುದು ಮೂರೇ ಜಾತಿ, ಮೂರೂ ಅಮೆರಿಕ ಖಂಡಗಳ ಕಡೆಯವು. ಯುರೋಪಿನ ಹಳ್ಳಿಯವರು ಅವುಗಳ ಮುಖ ಕಂಡಿರಲಿಲ್ಲ. ಪಾಪ, ಅವು ರಕ್ತ ಹೀರುವುದೂ ಇಲ್ಲ, ಸಣ್ಣ ಗಾಯ ಮಾಡಿ ನೆಕ್ಕುತ್ತವೆ. ಹಸಿದುಕೊಂಡು ಗೂಡಿಗೆ ಬಂದ ಜೊತೆಗಾರನಿಗೆ ತಾವು ಕುಡಿದದ್ದನ್ನೇ ಕಕ್ಕಿ ಕೊಡುತ್ತವೆ. ನಿನ್ನ ಕಥೆಯಲ್ಲಿ ಯಾರಿಗೂ ಅಷ್ಟು ಅಂತಃಕರಣ ಇಲ್ಲ ನೋಡು.

ಹಾಗಾಗಿ ರೂಲ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಒಬ್ಬೊಬ್ಬರು ತಮ್ಮ ಅನುಕೂಲಕ್ಕೆ ಒಂದೊಂದು ಮಾಡಿಕೊಂಡರು, ನೀನೂ ಮಾಡಿಕೋ. ನಾನು ಹೇಳಬೇಕಾದ್ದು ಬೇರೆ. ನಿನ್ನ ಪಿಶಾಚಿ ಎಲ್ಲಿಂದಲೋ ಬರುತ್ತಾನೆ. ಅವನು ಯಾರಿಗೂ ಏನೂ ಆಗಬೇಕಾದವನಲ್ಲ. ಜನಪದರ ಪಿಶಾಚಿ ಹಾಗಿರಲಿಲ್ಲ.

ಸೆರ್ಬಿಯಾದಲ್ಲಿ ಕಿಸಿಲ್ಯೆವೊ ಅಂತ ಒಂದು ಹಳ್ಳಿ. ಆ ಸೀಮೆ ತುರ್ಕರ ಕೈಬಿಟ್ಟು ಆಸ್ಟ್ರಿಯಾದವರ ಕೈಗೆ ಬಂದು ಏಳು ವರ್ಷ ಆಗಿತ್ತು. 1725ನೇ ಇಸವಿ. ಪೀಟರ್ ಬ್ಲಾಗೊಯೆವಿಚ್ ಅನ್ನುವ ಹಳ್ಳಿಗ ತೀರಿಕೊಂಡ. ಅವನನ್ನು ಮಣ್ಣು ಮಾಡಿ ಹತ್ತು ವಾರ ಆಗಿರಬೇಕು, ಒಂದೇ ವಾರದಲ್ಲಿ ಊರಿನ ಒಂಬತ್ತು ಜನ ಸತ್ತರು. ಯಾರೂ ಜಾಸ್ತಿ ದಿನ ಮಲಗಲಿಲ್ಲ, ಒಂದು ಹಗಲು ಒಂದು ರಾತ್ರಿ, ಅಷ್ಟೇ. ಪೀಟರ್ ನಿದ್ದೆಯಲ್ಲಿ ಬಂದು ಮೈಮೇಲೆ ಮಲಗಿ ಕತ್ತು ಹಿಸುಕಿದ ಅಂತ ಸಾಯುವ ಮುಂಚೆ ಹೇಳಿದರಂತೆ. ಕೋರೆಹಲ್ಲಿನ ಮಾತಿಲ್ಲ. ಕುತ್ತಿಗೆಯ ಮೇಲೆ ಎರಡು ತೂತು ಇಲ್ಲ.

ಅವನ ಹೆಂಡತಿ ಏನು ಹೇಳಿದಳು ಗೊತ್ತಾ? ಗಂಡ ಮನೆಗೆ ಬಂದು ತನ್ನ ಮೆಟ್ಟು ಕೇಳಿದ ಅಂತ.

ಮೆಟ್ಟು, ಪುಟ್ಟಿ. ಕಾಲಿಗೆ ಹಾಕಿಕೊಳ್ಳುವ ಮೆಟ್ಟು. ಸತ್ತವನು ಬಾಗಿಲಲ್ಲಿ ನಿಂತು ಅದನ್ನು ಕೇಳುತ್ತಾನೆ. ಅವಳು ಆ ಊರನ್ನೇ ಬಿಟ್ಟು ಇನ್ನೊಂದೂರಿಗೆ ಹೊರಟುಹೋದಳು. ನಿನ್ನ ಹದಿನಾಲ್ಕು ಪುಟದ ನೆತ್ತರಿಗಿಂತ ಈ ಒಂದು ಮಾತಿಗೆ ನನ್ನ ಬೆನ್ನು ತಣ್ಣಗಾಯಿತು.

ಮುಂದೆ ಕೇಳು. ಊರಿನವರು ಗೋರಿ ಅಗೆಯಬೇಕು ಅಂದರು. ಫ್ರೊಂಬಾಲ್ಡ್ ಅನ್ನುವ ಆಸ್ಟ್ರಿಯಾದ ಅಧಿಕಾರಿ, ಮೇಲಿನವರನ್ನು ಕೇಳಬೇಕು ತಡೀರಿ ಅಂದ. ಅಪ್ಪಣೆ ಬರುವಷ್ಟರಲ್ಲಿ ಊರೇ ಉಳಿಯುವುದಿಲ್ಲ, ನಾವು ಊರು ಬಿಡುತ್ತೇವೆ ಅಂತ ಅವರು ಹಟ ಹಿಡಿದರು. ಅವನು ಪಾದ್ರಿಯನ್ನು ಕರೆದುಕೊಂಡು ಹೋದ. ಅಗೆದು ನೋಡಿದರೆ ಪೀಟರ್‌ನ ಕೂದಲು, ಗಡ್ಡ, ಉಗುರು ಬೆಳೆದಂತಿದ್ದವು. ಹಳೇ ಚರ್ಮ ಸುಲಿದು ಕೆಳಗೆ ಹೊಸದು ಕಾಣುತ್ತಿತ್ತು. ಬಾಯಲ್ಲಿ ರಕ್ತ. ಗೂಟ ಹೊಡೆದರು, ಕಿವಿ ಬಾಯಿಂದ ರಕ್ತ ಹರಿಯಿತು, ಸುಟ್ಟರು. ಫ್ರೊಂಬಾಲ್ಡ್ ಇದೆಲ್ಲ ವರದಿ ಬರೆದು ಕೊನೆಯಲ್ಲಿ, ಇದರಲ್ಲಿ ತಪ್ಪೇನಾದರೂ ಇದ್ದರೆ ಅದು ನನ್ನದಲ್ಲ, ಭಯದಿಂದ ಹುಚ್ಚೆದ್ದ ಜನರದು ಅಂತ ಸೇರಿಸಿದ. ಎಲ್ಲ ಕಾಲದಲ್ಲೂ ಅಧಿಕಾರಿ ಅಧಿಕಾರಿಯೇ! ಆ ವರದಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು. ಇಂಥ ಇನ್ನೂ ಒಂದೆರಡು ವರದಿಗಳು ಬಂದವು. 'ವ್ಯಾಂಪೈರ್' ಅನ್ನುವ ಪದ ಯುರೋಪಿನ ಬಾಯಿಗೆ ಬಿದ್ದಿದ್ದು ಹಾಗೆ.

ಆ ಜನ ಸುಳ್ಳು ಹೇಳಲಿಲ್ಲ ಅನ್ನುವುದನ್ನು ಮರೆಯಬೇಡ. ಕಂಡದ್ದನ್ನೇ ಹೇಳಿದರು. ಹೆಣ ಕೊಳೆಯುವಾಗ ಒಳಗೆ ಗಾಳಿ ತುಂಬಿ ಮೈ ಊದುತ್ತದೆ. ಆ ಒತ್ತಡಕ್ಕೆ ಕಪ್ಪುಗೆಂಪು ದ್ರವ ಬಾಯಿ, ಮೂಗಿನಿಂದ ಬರುತ್ತದೆ. ಮೇಲಿನ ಚರ್ಮ ಕಳಚುತ್ತದೆ. ಉಳಿದದ್ದು ಒಣಗಿ ಹಿಂದೆ ಸರಿದಾಗ ಉಗುರು, ಗಡ್ಡ ಬೆಳೆದ ಹಾಗೆ ಕಾಣುತ್ತದೆ. ಚಳಿಯ ಮಣ್ಣಿನಲ್ಲಿ ಇದೆಲ್ಲ ನಿಧಾನ. ಹಾಗಾಗಿ ಹಳ್ಳಿಯವರ ಪಿಶಾಚಿ ಬಿಳಿಚಿಕೊಂಡ ಸಣಕಲ ಅಲ್ಲ. ಊದಿಕೊಂಡು ಕೆಂಪಗೆ, ಹೊಟ್ಟೆ ತುಂಬ ಉಂಡವನ ಹಾಗೆ ಇರುತ್ತಾನೆ. ಮೈಮೇಲೆ ರೇಷ್ಮೆ ಇಲ್ಲ, ಹೆಣಕ್ಕೆ ಹೊದಿಸಿದ ಬಟ್ಟೆ. ಗೋರಿಗಳನ್ನು ಅಗೆಯುವ ಈ ಹುಚ್ಚು ಎಲ್ಲಿಗೆ ಹೋಯಿತೆಂದರೆ, 1755ರಲ್ಲಿ ಆಸ್ಟ್ರಿಯಾದ ರಾಣಿ ಮಾರಿಯಾ ತೆರೇಸಾ ತನ್ನ ವೈದ್ಯರ ಸಲಹೆ ಕೇಳಿ ಕಾನೂನು ಮಾಡಿಯೇ ನಿಲ್ಲಿಸಬೇಕಾಯಿತು.

ಅಮೆರಿಕದ ರೋಡ್ ಐಲೆಂಡಿನಲ್ಲಿ ನಡೆದದ್ದು ಇನ್ನೂ ಹತ್ತಿರದ ಕಾಲದ್ದು. 1892. ಎಕ್ಸಿಟರ್ ಅನ್ನುವ ಊರಿನ ಬ್ರೌನ್ ಮನೆತನಕ್ಕೆ ಕ್ಷಯ ಹೊಕ್ಕಿತ್ತು. ತಾಯಿ ಹೋದಳು, ಹಿರಿಮಗಳು ಹೋದಳು. ಆ ಜನವರಿಯಲ್ಲಿ ಹತ್ತೊಂಬತ್ತು ವರ್ಷದ ಮರ್ಸಿಯೂ ಹೋದಳು. ಮಗ ಎಡ್ವಿನ್ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಅವನನ್ನು ತಿನ್ನುತ್ತಿದ್ದಾರೆ ಅಂತ ಅಕ್ಕಪಕ್ಕದವರು ದುಂಬಾಲು ಬಿದ್ದರು. ತಂದೆಗೆ ನಂಬಿಕೆ ಇರಲಿಲ್ಲ, ಆದರೂ ಒಪ್ಪಿದ. ತಾಯಿ, ಅಕ್ಕನ ದೇಹ ಕರಗಿಹೋಗಿತ್ತು. ಎರಡು ತಿಂಗಳ ಚಳಿಯಲ್ಲಿದ್ದ ಮರ್ಸಿಯ ದೇಹ ಕೆಟ್ಟಿರಲಿಲ್ಲ. ಚಳಿಗೆ ಹೀಗಾಗುವುದು ಸಹಜ ಅಂತ ಜೊತೆಗಿದ್ದ ವೈದ್ಯರು ಹೇಳಿದರು. ಯಾರು ಕೇಳುತ್ತಾರೆ? ಅವಳ ಹೃದಯ ಸುಟ್ಟು, ಬೂದಿ ಕಲಸಿ ಅಣ್ಣ ಎಡ್ವಿನ್‌ಗೆ ಕುಡಿಸಿದರು. ಎರಡು ತಿಂಗಳೊಳಗೆ ಅವನೂ ಸತ್ತ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ಕಂಡುಹಿಡಿದು ಆಗಲೇ ಹತ್ತು ವರ್ಷ ಆಗಿತ್ತು.

ಇಲ್ಲಿ ಪಿಶಾಚಿ ಯಾರು? ಕೆಮ್ಮಿ ಕೆಮ್ಮಿ ಸತ್ತ ಒಂದು ಹುಡುಗಿ. ಅಷ್ಟೇ ಅಲ್ಲ, ಆ ಮನೆಯ ಮಗಳು.

ಹಾಗಾದರೆ ಈ ಕೋಟೆ, ಈ ಸಿರಿವಂತ ಎಲ್ಲಿಂದ ಬಂದ ಅಂತ ಕೇಳುತ್ತೀಯ. ಅದು ಲೇಖಕರ ಕೆಲಸ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮುಂದಿನ ವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆಗೆ ಸಿಕ್ಕಿ ಜಿನೀವಾ ಸರೋವರದ ಪಕ್ಕದ ಮನೆಯೊಳಗೇ ಕೂತಿದ್ದ ಕವಿ ಬೈರನ್ ಮತ್ತು ಗೆಳೆಯರು, ಭೂತದ ಕಥೆ ಬರೆಯೋಣ ಅಂದುಕೊಂಡರು. ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಮೊಳೆತದ್ದು ಅಲ್ಲೇ. ಬೈರನ್‌ನ ವೈದ್ಯ ಪೊಲಿಡೋರಿ ಬರೆದ ಪಿಶಾಚಿಯ ಕಥೆ 1819ರಲ್ಲಿ ಅಚ್ಚಾಯಿತು, ಅದೂ ಬೈರನ್ ಹೆಸರಲ್ಲಿ! ಪಾಪದ ಡಾಕ್ಟರು. ಅವನ ಪಿಶಾಚಿ ಒಬ್ಬ ಲಾರ್ಡ್. ಪಾರ್ಟಿಗಳಿಗೆ ಬರುತ್ತಾನೆ, ಹೆಂಗಸರನ್ನು ಮರುಳು ಮಾಡುತ್ತಾನೆ. ಊದಿಕೊಂಡ ರೈತ ಒಂದೇ ಏಟಿಗೆ ಸಾಹೇಬನಾದ. ಆಮೇಲೆ ಬಂದ ಡ್ರಾಕುಲಾ ಕೌಂಟ್. ಸ್ಟೋಕರ್ ಡ್ರಾಕುಲಾನ ಕೋಟೆ ಇರುವ ರೊಮೇನಿಯಾಕ್ಕೆ ಕಾಲಿಟ್ಟವರೇ ಅಲ್ಲ, ಪುಸ್ತಕ ಓದಿಯೇ ಆ ದೇಶ ಕಟ್ಟಿದರು. ಪೇಟೆಯ ಓದುಗರಿಗೆ ಹೊರಗಿನವನ ಭಯ, ಬೇರೆಯವರ ನೆತ್ತರಲ್ಲಿ ಕೊಬ್ಬಿದ ಶ್ರೀಮಂತನ ಭಯ. ಅದೂ ನಿಜವಾದ ಭಯವೇ, ನಾನು ಇಲ್ಲ ಅನ್ನುವುದಿಲ್ಲ. ನಡುವೆ 1872ರ 'ಕಾರ್ಮಿಲ್ಲಾ' ಮಾತ್ರ ನನಗೆ ತುಂಬ ಇಷ್ಟ. ಅದರಲ್ಲಿ ಪಿಶಾಚಿ ಅತಿಥಿಯಾಗಿ ಬಂದ ಚೆಂದದ ಹುಡುಗಿ. ನೋಡಿದರೆ ಅವಳು ನಾಯಕಿಯ ತಾಯಿಯ ಕಡೆಯ ಹಳೇ ಬಳಗ. ಅದನ್ನು ಬರೆದ ಲೆ ಫ್ಯಾನು ಹಳ್ಳಿಯವರ ಗುಟ್ಟನ್ನು ಬಿಟ್ಟುಕೊಟ್ಟಿರಲಿಲ್ಲ.

ಈಚಿನವು ನಿನಗೇ ಚೆನ್ನಾಗಿ ಗೊತ್ತು. 1976ರಲ್ಲಿ ಆ್ಯನ್ ರೈಸ್ ತಮ್ಮ ಕಾದಂಬರಿಯಲ್ಲಿ ಪಿಶಾಚಿಯ ಬಾಯಿಗೇ ಮಾತು ಕೊಟ್ಟರು, ಅವನು ಕೂತು ತನ್ನ ದುಃಖ ತೋಡಿಕೊಂಡ. 2005ರ 'ಟ್ವಿಲೈಟ್'ನಲ್ಲಿ ಬಿಸಿಲಿಗೆ ಸುಡುವ ಬದಲು ಮಿನುಗಿದ. ನಗಬೇಡ, ನಾನೂ ಓದಿದ್ದೇನೆ.

ಬೇರೆ ಕಡೆಯವೂ ಇವೆ, ಎಲ್ಲವನ್ನೂ ವ್ಯಾಂಪೈರ್ ಅನ್ನಬೇಡ. ಚೀನಾದ ಜಿಯಾಂಗ್‌ಶಿ ಸೆಟೆದುಕೊಂಡ ಹೆಣ, ಕೈ ಚಾಚಿ ಕುಪ್ಪಳಿಸುತ್ತದೆ. ನಮ್ಮ ಬೇತಾಳನನ್ನು ಬರ್ಟನ್ ಸಾಹೇಬ 1870ರಲ್ಲಿ ಇಂಗ್ಲಿಷಿಗೆ ತರುವಾಗ ವ್ಯಾಂಪೈರ್ ಅಂತಲೇ ಕರೆದ. ಬೇತಾಳ ಯಾರ ರಕ್ತ ಹೀರಿದ? ಅವನು ಹೀರಿದ್ದು ರಾಜನ ತಲೆ, ಅಷ್ಟೇ. ಬಾಲ್ಕನ್ನಿನ ರೋಮಾ ಜನರಲ್ಲಂತೂ ಬಹಳ ದಿನ ಇಟ್ಟ ಕುಂಬಳಕಾಯಿ ಪಿಶಾಚಿಯಾಗುತ್ತದೆ ಅನ್ನುವ ನಂಬಿಕೆ ಇತ್ತು. ಹಲ್ಲಿಲ್ಲದ್ದರಿಂದ ಅದಕ್ಕೆ ಯಾರೂ ಅಷ್ಟಾಗಿ ಹೆದರುತ್ತಿರಲಿಲ್ಲವಂತೆ.

ಈಗ ನಿನ್ನ ಕಥೆಗೆ ಬರುತ್ತೇನೆ. ಮೂರನೇ ಪುಟದ ಕೋಟೆ ತೆಗೆದುಹಾಕು. ಕೌಂಟನೂ ಬೇಡ. ಎರಡನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಸತ್ತುಹೋಗುವ ಅಣ್ಣ ಇದ್ದಾನಲ್ಲ, ಅವನನ್ನು ಯಾಕೆ ಸುಮ್ನೆ ಬಿಟ್ಟೆ? ಬರುವವನು ಅವನೇ ಆಗಲಿ. ಕೊನೆಯಲ್ಲಿ ಊರಿನವರು ಪಿಶಾಚಿಯನ್ನು ಸುಟ್ಟು ಕುಣಿಯುತ್ತಾರೆ ಅಂತ ಬರೆದಿದ್ದೀಯ. ಸುಟ್ಟ ಮಾರನೇ ದಿನವೂ ಕಾಯಿಲೆ ಹಾಗೇ ಇದ್ದರೆ ಅವರು ಒಬ್ಬರ ಮುಖ ಒಬ್ಬರು ಹೇಗೆ ನೋಡುತ್ತಾರೆ? ಅದನ್ನು ಬರೆ.

ಇನ್ನೊಂದು ಸಣ್ಣ ಸಾಮಾನು ಕೊಡುತ್ತೇನೆ. ಗ್ರೀಸಿನಲ್ಲಿ ಇಂಥವನಿಗೆ ವ್ರಿಕೊಲಾಕಸ್ ಅನ್ನುತ್ತಾರೆ. ಅವನು ಬಾಗಿಲು ತಟ್ಟುವುದು ಒಂದೇ ಸಲ. ಅದಕ್ಕೇ ಅಲ್ಲಿನ ಕೆಲವು ಕಡೆ ಎರಡನೇ ಸಲ ತಟ್ಟುವವರೆಗೂ ಯಾರೂ ಓಗೊಡುತ್ತಿರಲಿಲ್ಲ. ನಿನ್ನ ಕಥೆಯ ತಾಯಿಗೆ ಈ ವಿಷಯ ಗೊತ್ತಿರಲಿ. ರಾತ್ರಿ ಬಾಗಿಲು ಒಂದು ಸಲ ತಟ್ಟುತ್ತದೆ. ಅದು ಮಗ ತಟ್ಟುತ್ತಿದ್ದ ರೀತಿ. ಅವಳು ಎದ್ದು ಕೂರುತ್ತಾಳೆ. ಎರಡನೇ ತಟ್ಟು ಕೇಳುವುದಿಲ್ಲ. ಹೊರಗೆ ಯಾರೂ ಹೋದ ಸದ್ದೂ ಕೇಳುವುದಿಲ್ಲ.

ಅವಳು ಏನು ಮಾಡುತ್ತಾಳೆ ಅಂತ ಫೋನಿನಲ್ಲಿ ಹೇಳಬೇಡ, ಬರೆದು ಕಳಿಸು.

ಇಂತಿ ನಿನ್ನ
ದೊಡ್ಡಮ್ಮ

ಮರೆತಿದ್ದೆ: 'ರಕ್ತಪಿಶಾಚಿ'ಯನ್ನು ಹನ್ನೊಂದು ಕಡೆ 'ರಕ್ತಪಿಚಾಶಿ' ಅಂತ ಬರೆದಿದ್ದೀಯ. ಹನ್ನೆರಡನೆಯದು ಸರಿ ಇದೆ. ಅದು ಹೇಗೆ ಸರಿಯಾಯಿತೋ!