ಬ್ರಹ್ಮಗಿರಿ ಟ್ರೆಕ್ ಅರ್ಧಕ್ಕೆ ನಿಂತಿದ್ದು ನಿಮ್ಮ ಪ್ಲಾನಿಂದ, ದುಡ್ಡು ವಾಪಸ್ ಕೊಡಿ

ಟ್ರೆಕ್ ಕಂಪನಿಯ ಕಸ್ಟಮರ್ ಕೇರ್‌ನವರಿಗೆ,

ನಮಸ್ಕಾರ. ಡಿಸೆಂಬರ್ ಎರಡನೇ ಶನಿವಾರ ಕೊಡಗಿನ ಇರ್ಪು ಫಾಲ್ಸ್ ಕಡೆಯಿಂದ ಬ್ರಹ್ಮಗಿರಿ ಬೆಟ್ಟಕ್ಕೆ ಒಂದು ದಿನದ ಟ್ರೆಕ್ ಅಂತ ನಿಮ್ಮ ಹತ್ರ ಆರು ಜನಕ್ಕೆ ಬುಕ್ ಮಾಡಿದ್ದು ನಾನೇ, ತಲಾ 1,850 ರೂಪಾಯಿ, ಒಟ್ಟು 11,100. ದಾರಿ ಮಧ್ಯದ ನರಿಮಲೆ ಕ್ಯಾಂಪಿಂದ ಮುಂದಕ್ಕೆ ಹೋಗೋಕಾಗದೆ ಅಲ್ಲಿಂದ್ಲೇ ವಾಪಸ್ ಬಂದ್ವಿ. ರೀಫಂಡ್ ಕೇಳಿದ್ದಕ್ಕೆ ನೀವು ಕಳಿಸಿದ ಮೆಸೇಜಲ್ಲಿ, ಅರಣ್ಯ ಇಲಾಖೆಯವರು ತಡೆದರೆ ನಾವು ಜವಾಬ್ದಾರರಲ್ಲ, ಕಂಡೀಷನ್ಸ್ ಓದಿಕೊಳ್ಳಿ ಅಂತ ಇದೆ. ಓದಿದೀನಿ. ಆದ್ರೆ ನಮ್ಮನ್ನ ತಡೆದಿದ್ದು ಇಲಾಖೆ ಅಲ್ಲ, ಹೊತ್ತು. ಆ ಹೊತ್ತನ್ನ ಹಾಳು ಮಾಡಿದ್ದು ನೀವು. ಅದಕ್ಕೇ ಇಷ್ಟುದ್ದ ಬರೀತಿರೋದು, ದಯವಿಟ್ಟು ಪೂರ್ತಿ ಓದಿ.

ನಿಮ್ಮ ಪ್ಲಾನಲ್ಲಿ ಗೋಣಿಕೊಪ್ಪ ಬಸ್ ಸ್ಟ್ಯಾಂಡಲ್ಲಿ ಬೆಳಿಗ್ಗೆ 5:30ಕ್ಕೆ ಪಿಕಪ್, 6:30ಕ್ಕೆ ನಡಿಗೆ ಶುರು ಅಂತ ಇತ್ತು. ಮೈಸೂರಿಂದ ಬಂದ ನಿಮ್ಮ ಟಿಟಿ (ಟೆಂಪೋ ಟ್ರಾವೆಲರ್) ಗೋಣಿಕೊಪ್ಪ ಮುಟ್ಟಿದಾಗ 7:45, ಚಳಿಯಲ್ಲಿ ನಿಂತು ನಿಂತು ಸಾಕಾಗಿತ್ತು. ಆಮೇಲೆ ಶ್ರೀಮಂಗಲದಲ್ಲಿ ತಿಂಡಿಗೆ ನಿಲ್ಲಿಸಿದ್ರು. ಇರ್ಪುಗೆ ಹೋದ್ರೆ ಪರ್ಮಿಟ್ ಪಟ್ಟಿಯಲ್ಲಿ ನಮ್ಮಲ್ಲಿ ಇಬ್ಬರ ಹೆಸರೇ ಇಲ್ಲ, ಬುಕಿಂಗ್ ದಿನಾನೇ ಎಲ್ಲರ ಆಧಾರ್ ಕಾಪಿ ವಾಟ್ಸಾಪಲ್ಲಿ ಕಳಿಸಿದ್ದೆ, ಅದು ನಿಮ್ಮ ಆಫೀಸಲ್ಲೇ ಉಳಿದಿತ್ತು. ಅದನ್ನ ಸರಿಮಾಡಿಸಿ ಕಾಡೊಳಗೆ ಕಾಲಿಟ್ಟಾಗ ಗಂಟೆ ಹತ್ತೂವರೆ.

ಈಗ ಲೆಕ್ಕ ನೋಡಿ, ನಿಮ್ಮ ಪ್ಲಾನ್ ಬರೆದವರು ಇದನ್ನ ಯಾವತ್ತೂ ಮಾಡಿಲ್ಲ ಅನ್ನೋದು ನನ್ನ ಮುಖ್ಯ ದೂರು. ಇರ್ಪುವಿಂದ ತುದಿಗೆ ಹೆಚ್ಚುಕಡಿಮೆ 9 ಕಿಲೋಮೀಟರ್, ಹೋಗಿ ಬಂದ್ರೆ 18. ಬೆಟ್ಟ ಹತ್ತೋರಿಗೆ ಹಳೇ ಲೆಕ್ಕ ಒಂದಿದೆ, 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನೋರು ಹೇಳಿದ್ದು, 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಏರು 700 ಮೀಟರ್ ಅಂತ ಹಿಡಿದ್ರೂ ಐದು ಗಂಟೆ ಹತ್ತಿರ ಆಯ್ತು. ಅದು ಗಟ್ಟಿ ದಾರಿ, ಗಟ್ಟಿ ಕಾಲು, ಎಲ್ಲೂ ಕೂರದೆ ನಡೆದ್ರೆ. ನಮ್ಮ ಕಾಡಲ್ಲಿ ಬೇರು, ಜಾರೋ ತರಗೆಲೆ, ತೊರೆ ದಾಟೋದು, ಕಾಲಿಂದ ಜಿಗಣೆ ಕೀಳೋದು, ನಾವು ಆರು ಜನ, ಬೇರೆಯವರೂ ಸೇರಿ ಹದಿನಾಲ್ಕು ಜನರ ಗುಂಪಲ್ಲಿ ಹಿಂದೆ ಉಳಿದವರಿಗೆ ಕಾಯೋದು, ಊಟ, ಎಲ್ಲಾ ಸೇರಿದ್ರೆ ಎಂಟೂವರೆ ಗಂಟೆಗೆ ಕಮ್ಮಿ ಇಲ್ಲ. ಹತ್ತೂವರೆಗೆ ಎಂಟೂವರೆ ಕೂಡಿಸಿ, ರಾತ್ರಿ ಏಳು. ಡಿಸೆಂಬರಲ್ಲಿ ಇಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತೆ, ಮರದಡಿ ಅದಕ್ಕೂ ಮುಂಚೆ ಕತ್ತಲೆ. ಅದು ವನ್ಯಜೀವಿ ಅಭಯಾರಣ್ಯ, ಆನೆ ಇರೋ ಜಾಗ. ನಮ್ಮ ಕಡೆ ಆನೆ ಭಯಕ್ಕೆ ತೋಟದ ಕೆಲಸದವರನ್ನೇ ಸಂಜೆ ಬೇಗ ಮನೆಗೆ ಕಳಿಸ್ತೀವಿ, ನೀವು ಫೋನ್ ಸಿಗ್ನಲ್ ಸಿಗದ ಕಡೆ ಹೊಸಬರನ್ನ ಕತ್ತಲೆಯಲ್ಲಿ ಇಳಿಸೋ ಪ್ಲಾನ್ ಮಾಡ್ತೀರಾ?

ಇನ್ನೊಂದು, ನಿಮ್ಮ ಪೇಜಲ್ಲಿ ಕೊಡಗಿನ ಇನ್ನೊಂದು ಬೆಟ್ಟ ತಡಿಯಂಡಮೋಳಿಗೂ ಬ್ರಹ್ಮಗಿರಿಗೂ ಒಂದೇ ಟೈಮ್‌ಟೇಬಲ್ ಹಾಕಿದೀರಿ, ಬರೀ ಹೆಸರು ಬದಲಾಗಿದೆ. ತಡಿಯಂಡಮೋಳ್ 1,748 ಮೀಟರ್, ಬ್ರಹ್ಮಗಿರಿ 1,608, ಹಾಗಾಗಿ ಇದು ಸುಲಭ ಅಂದುಕೊಂಡ್ರೇನೋ. ಅಲ್ಲಿ ನಾಲ್ಕುನಾಡು ಅರಮನೆ ದಾಟಿದ ಮೇಲೂ ಸುಮಾರು ದೂರ ಜೀಪ್ ದಾರಿ ಇದೆ, ಇಲ್ಲಿ ಫಾಲ್ಸ್ ಕಡೆಯಿಂದ್ಲೇ ಕಾಡು. ಎತ್ತರ ಒಂದೇ ನೋಡಿ ದಾರಿ ಎಷ್ಟು ಕಷ್ಟ ಅಂತ ಹೇಳೋಕಾಗಲ್ಲ. ಒಂದು ಲೀಟರ್ ನೀರು ಸಾಕು, ದಾರಿಯಲ್ಲಿ ತುಂಬಿಸಿಕೊಳ್ಳಬಹುದು ಅಂತಾನೂ ಬರೆದಿದೀರಿ, ಬೆಟ್ಟಗಳ ಸಂದಿಯಲ್ಲಿ ಬೆಳೆಯೋ ಶೋಲಾ ಕಾಡಲ್ಲಿ ತೊರೆ ಸಿಗಬಹುದು, ಮೇಲೆ ಹುಲ್ಲಿನ ಬೋಳು ಬೆಟ್ಟದಲ್ಲಿ ಬಿಸಿಲು ನೆತ್ತಿಗೆ ಹೊಡೀವಾಗ ಎಲ್ಲಿಂದ ತುಂಬಿಸೋದು? ಜಿಗಣೆ ಹತ್ತದ ಹಾಗೆ ಹಾಕೋ ಕಾಲ್ಚೀಲದ ಮಾತೇ ಇಲ್ಲ.

ನರಿಮಲೆಯಲ್ಲಿ ನಮ್ಮ ಜೊತೆ ಬಂದಿದ್ದ ಫಾರೆಸ್ಟ್ ವಾಚರ್ ಅಣ್ಣ ಗಡಿಯಾರ ನೋಡಿ, ಈಗ ಮೇಲೆ ಹೋದ್ರೆ ಬೆಳಕಲ್ಲಿ ಇಳಿಯೋಕಾಗಲ್ಲ, ಇಲ್ಲೇ ಊಟ ಮಾಡಿ ತಿರುಗೋಣ ಅಂದ್ರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಿಮ್ಮ ಟ್ರೆಕ್ ಲೀಡರ್ ಮಾತ್ರ ಅವರ ಜೊತೆ ಜಗಳಕ್ಕೆ ನಿಂತ್ರು, ಕಸ್ಟಮರ್ಸ್ ದುಡ್ಡು ಕೊಟ್ಟಿದಾರೆ, ಸ್ವಲ್ಪ ಅಡ್ಜಸ್ಟ್ ಮಾಡಿ ಅಂತ. ಆ ಹುಡುಗನಿಗೆ ಆ ಕಾಡು ಹೊಸದು, ಕವಲು ಬಂದಲ್ಲೆಲ್ಲಾ ವಾಚರ್ ಮುಖ ನೋಡ್ತಿದ್ದ, ಟಾರ್ಚ್ ಕೇಳಿದ್ರೆ ಫೋನ್ ತೋರಿಸಿದ. ಅವನನ್ನ ಬೈಯೋಕೆ ನನಗೆ ಮನಸ್ಸಿಲ್ಲ, ಒಂದು ಸಲಾನೂ ದಾರಿ ತೋರಿಸದೆ ಕಳಿಸಿದ್ದು ನೀವು. ಈಗ ಅದೇ ವಾಚರ್ ಅಣ್ಣನ ಮಾತನ್ನೇ ಹಿಡ್ಕೊಂಡು ಇಲಾಖೆ ತಡೀತು ಅಂತ ದುಡ್ಡು ಕೊಡಲ್ಲ ಅಂತಿದೀರಲ್ಲ, ಇದು ನನಗೆ ದುಡ್ಡಿಗಿಂತ ಹೆಚ್ಚು ಬೇಜಾರಾದ ವಿಷಯ. ನಮ್ಮನ್ನ ಸುರಕ್ಷಿತವಾಗಿ ಕೆಳಗೆ ಕರ್ಕೊಂಡು ಬಂದವರು ಅವರು.

ನನ್ನ ದೊಡ್ಡಮ್ಮನ ಮಗಳು ಬೆಂಗಳೂರಿಂದ ಇದಕ್ಕೋಸ್ಕರ ರಜೆ ಹಾಕಿ ಬಂದಿದ್ಲು, ತಿಂಗಳುಗಟ್ಟಲೆ ಮೆಟ್ಟಿಲು ಹತ್ತಿ ತಯಾರಾಗಿದ್ಲು. ಕೇರಳ ಗಡಿಯ ಆ ಬೆಟ್ಟದ ಸಾಲಲ್ಲಿ ನಿಂತು ಆಚೆ ವಯನಾಡು ನೋಡಬೇಕು ಅಂತ ಅವಳ ಆಸೆ. ಅವಳಿಗೆ ನಾನು ಏನು ಹೇಳ್ಲಿ?

ನನ್ನ ಬೇಡಿಕೆ ಇಷ್ಟೇ. ಟಿಟಿ ಬಾಡಿಗೆ, ತಿಂಡಿ, ಊಟ ಅಂತ ಏನೂ ಮುರ್ಕೊಳ್ಳದೆ ಆರು ಜನದ 11,100 ರೂಪಾಯಿ ಪೂರ್ತಿ ವಾಪಸ್ ಬೇಕು. ಬ್ರಹ್ಮಗಿರಿ ಪೇಜನ್ನ ತಿದ್ದಿ, ಎಷ್ಟು ಗಂಟೆ ಒಳಗೆ ಇರ್ಪು ಬಿಡಬೇಕು, ಎಷ್ಟು ಗಂಟೆಗೆ ಎಲ್ಲಿದ್ರೂ ತಿರುಗಬೇಕು ಅನ್ನೋದನ್ನ ಮೊದಲನೇ ಸಾಲಲ್ಲೇ ಹಾಕಿ, ತಿದ್ದೋವರೆಗೂ ಹೊಸ ಬುಕಿಂಗ್ ತಗೋಬೇಡಿ. ಹದಿನೈದು ದಿನದಲ್ಲಿ ಉತ್ತರ ಬರದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕರ ರಕ್ಷಣಾ ಕಾಯ್ದೆ ಪ್ರಕಾರ ಸೇವಾ ನ್ಯೂನತೆ ಅಂತ ಮಡಿಕೇರಿಯಲ್ಲಿ ಕೇಸ್ ಹಾಕ್ತೀನಿ. ನಿಮ್ಮ ಟೈಮ್‌ಟೇಬಲ್ಲಿನ ಸ್ಕ್ರೀನ್‌ಶಾಟ್, ಟಿಟಿ ಬಂದಾಗಿನ ಫೋಟೋ, ಆಧಾರ್ ಕಳಿಸಿದ ಮೆಸೇಜ್, ಪೇಮೆಂಟ್ ರಸೀದಿ ಎಲ್ಲಾ ಈ ಪತ್ರದ ಜೊತೆ ಇಟ್ಟಿದೀನಿ. ದುಡ್ಡನ್ನ ಬುಕ್ ಮಾಡಿದ ಯುಪಿಐಗೇ ಹಾಕಿ, ಮುಂದಿನ ಟ್ರೆಕ್ಕಿಗೆ ಕೂಪನ್ ಕೊಡ್ತೀವಿ ಅಂತ ಫೋನ್ ಮಾಡಬೇಡಿ.

ಇಂತಿ,
ಗೋಣಿಕೊಪ್ಪದಿಂದ ಬುಕ್ ಮಾಡಿದ ನಿಮ್ಮ ಗ್ರಾಹಕಿ