ಗ್ಯಾಸ್ ಮಾತ್ರೆಗೂ ಒಂದು ಹೊತ್ತಿದೆ

ಮಾನ್ಯರೇ,

ಎದೆಯುರಿ, ಹುಳಿತೇಗು ಅಂದ ಕೂಡಲೇ ಮೆಡಿಕಲ್ ಸ್ಟೋರಿಗೆ ಹೋಗಿ ಪ್ಯಾಂಟೊಪ್ರಜೋಲ್ ಎಂಬ ಗ್ಯಾಸ್ ಮಾತ್ರೆ ತರುವುದು ನಮ್ಮಲ್ಲಿ ಮಾಮೂಲಿ. ನಮ್ಮಪ್ಪ ಅದನ್ನು ವರ್ಷಗಟ್ಟಲೆ ರಾತ್ರಿ ಊಟವಾದ ಮೇಲೆ ನುಂಗುತ್ತಿದ್ದರು. ಉರಿ ಮಾತ್ರ ಹೋಗಲಿಲ್ಲ. ಈ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಊಟಕ್ಕೆ 30ರಿಂದ 60 ನಿಮಿಷ ಮೊದಲು ತೆಗೆದುಕೊಂಡರೆ. ಊಟ ಬಿದ್ದಾಗ ಹೊಟ್ಟೆಯ ಆಮ್ಲದ ಪಂಪುಗಳು ಚುರುಕಾಗುತ್ತವೆ, ಆಗ ಅವನ್ನು ತಡೆಯಲು ಮಾತ್ರೆ ರಕ್ತದಲ್ಲಿ ಸಿದ್ಧವಾಗಿರಬೇಕು. ಇಷ್ಟನ್ನು ಅಂಗಡಿಯವರು ಒಮ್ಮೆಯೂ ಹೇಳಿರಲಿಲ್ಲ.

ಸಾಮಾನ್ಯವಾಗಿ 8 ವಾರ ಕೊಟ್ಟು ನೋಡುತ್ತಾರೆ. ಆಮೇಲೂ ಬೇಕಾ ಅಂತ ವೈದ್ಯರನ್ನೇ ಕೇಳಬೇಕು. ಹಾಗಂತ ವಾಟ್ಸಾಪಿನಲ್ಲಿ ಹೆದರಿಸುವಷ್ಟು ಇದು ವಿಷವೂ ಅಲ್ಲ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 17,598 ಜನರನ್ನು ಸುಮಾರು 3 ವರ್ಷ ಗಮನಿಸಿದ್ದರು. ಈ ಮಾತ್ರೆ ತಿಂದವರಿಗೂ ಔಷಧಿಯೇ ಇಲ್ಲದ ಹುಸಿ ಮಾತ್ರೆ ತಿಂದವರಿಗೂ ಕಂಡ ಸ್ಪಷ್ಟ ವ್ಯತ್ಯಾಸ ಒಂದೇ: ಕರುಳಿನ ಸೋಂಕು ಸ್ವಲ್ಪ ಜಾಸ್ತಿ.

ಕಾಸಿಲ್ಲದ ಉಪಾಯಗಳಿಗೂ ಆಧಾರವಿದೆ. ತೂಕ ಇಳಿಸುವುದು, ಮಲಗುವ 2-3 ಗಂಟೆ ಮೊದಲೇ ಊಟ ಮುಗಿಸುವುದು, ಮಂಚದ ತಲೆಭಾಗದ ಕಾಲುಗಳಿಗೆ ಇಟ್ಟಿಗೆ ಕೊಡುವುದು. ಸುಮ್ನೆ ಎರಡು ದಿಂಬು ಪೇರಿಸಿದರೆ ಸಾಲದು. ಎಡಮಗ್ಗುಲಲ್ಲಿ ಮಲಗಿದರೂ ಆಮ್ಲ ಮೇಲೇರುವುದು ಕಡಿಮೆ. ಹಿರಿಯರ ವಾಮಕುಕ್ಷಿ ಅರ್ಧ ಸರಿ ಅಲ್ವಾ! ಉಂಡ ತಕ್ಷಣ ಮಾತ್ರ ಬೇಡ.

ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲ ಕಪ್ಪಗಾದರೆ ಮಾತ್ರೆ ನಂಬಿ ಕೂರದೆ ಆಸ್ಪತ್ರೆಗೆ ಹೋಗಿ. ಔಷಧಿ ಅಂಗಡಿಯವರಲ್ಲಿ ಒಂದೇ ವಿನಂತಿ: ಮಾತ್ರೆಯ ಪಟ್ಟಿಯ ಮೇಲೆ ‘ಊಟಕ್ಕೆ ಮೊದಲು’ ಎಂದು ಬರೆದುಕೊಡಿ.

– ಒಬ್ಬ ಓದುಗ, ಶಿವಮೊಗ್ಗ