ಲಕ್ಷದ್ವೀಪಕ್ಕೆ ಹೊರಟ ಮಗಳಿಗೆ

ಚಿ. ಅನಘಾಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ಗೆಳತಿಯರೊಂದಿಗೆ ಲಕ್ಷದ್ವೀಪಕ್ಕೆ ಹೊರಟಿರುವ ಸುದ್ದಿಯನ್ನು ನಿನ್ನ ಅಮ್ಮ ತಿಳಿಸಿದಾಗ ಬಹಳ ಸಂತೋಷವಾಯಿತು. ಖಂಡಿತ ಹೋಗಿ ಬಾ. ಆದರೆ ನೀನು ಕಳುಹಿಸಿದ ಪ್ರವಾಸದ ಪಟ್ಟಿಯಲ್ಲಿ ಸ್ಕೂಬಾ, ಸ್ನಾರ್ಕೆಲಿಂಗ್, ದಿನಕ್ಕೊಂದು ದ್ವೀಪ ಎಲ್ಲವೂ ಇದ್ದು, ಅಲ್ಲಿ ಬಾಳುವವರ ಪ್ರಸ್ತಾಪ ಒಂದು ಕಡೆಯೂ ಇಲ್ಲದಿರುವುದನ್ನು ಕಂಡು ನಾಲ್ಕು ಮಾತು ಬರೆಯಬೇಕೆನಿಸಿತು. ಆ ದ್ವೀಪಗಳಲ್ಲಿ ಕಡಲು ಬೇರೆ, ಜನ ಬೇರೆ ಎಂದು ನೋಡಲು ಬರುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿ ಬಂದರೆ ಎರಡೂ ಅರ್ಥವಾಗದೆ ಉಳಿಯುತ್ತವೆ.

ಮೊದಲು ನೀನು ಕಾಲಿಡುವ ನೆಲದ ವಿಚಾರ. ಲಕ್ಷದ್ವೀಪದ 36 ದ್ವೀಪಗಳನ್ನು ಕೂಡಿಸಿದರೂ ಭೂಮಿ ಸುಮಾರು 32 ಚದರ ಕಿಲೋಮೀಟರ್ ಮಾತ್ರ; ಅದರಲ್ಲಿ ಜನವಸತಿ ಇರುವವು ಹತ್ತು; 2011ರ ಜನಗಣತಿಯಂತೆ ಜನಸಂಖ್ಯೆ 64 ಸಾವಿರದಷ್ಟು. ಅಲ್ಲಿ ಬೆಟ್ಟವಿಲ್ಲ, ನದಿಯಿಲ್ಲ, ನಮ್ಮಲ್ಲಿರುವಂಥ ಕಲ್ಲು ಮಣ್ಣಿನ ನೆಲವೂ ಇಲ್ಲ. ಎಂದೋ ಸಮುದ್ರದಲ್ಲಿ ಮುಳುಗಿದ ಬೆಟ್ಟಗಳ ನೆತ್ತಿಯ ಮೇಲೆ ಹವಳದ ಹುಳುಗಳು ತಲೆಮಾರುಗಳ ಕಾಲ ಸುಣ್ಣದ ಗೂಡು ಕಟ್ಟುತ್ತ ಬಂದುದರ ಫಲವೇ ಆ ದ್ವೀಪಗಳು. ಬೆಟ್ಟ ಕುಸಿದಂತೆಲ್ಲ ಹವಳ ಬೆಳಕಿನ ಕಡೆಗೆ ಬೆಳೆಯುತ್ತ ಹೋಗಿ ಕೊನೆಗೆ ಉಂಗುರವೊಂದೇ ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ವಿವರಿಸಿದ್ದ. ಆ ಉಂಗುರದ ಹೊರಗೆ ಆಳವಾದ ಅರಬ್ಬೀ ಸಮುದ್ರ, ಒಳಗೆ ತಿಳಿನೀರಿನ ಲಗೂನ್.

ನೀರಿಗೆ ಮುಖವಿಟ್ಟು ಸುಮ್ಮನೆ ತೇಲಿದಾಗ ಕಟಕಟ ಎಂಬ ಸದ್ದು ನಿನ್ನ ಕಿವಿಗೆ ಬೀಳಬಹುದು. ಕಣ್ಣು ಹಾಯಿಸಿ ನೋಡು: ಹಸಿರು ನೀಲಿ ಬಣ್ಣದ ಗಿಳಿಮೀನುಗಳು ಗಟ್ಟಿ ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತಿರುತ್ತವೆ. ಪಾಚಿಯ ಜೊತೆಗೆ ಸುಣ್ಣವೂ ಹೊಟ್ಟೆಗೆ ಹೋಗಿ, ನುಣ್ಣಗಾಗಿ, ಸ್ವಲ್ಪ ಹೊತ್ತಿನಲ್ಲಿ ಬಾಲದ ಬಳಿಯಿಂದ ಬಿಳಿಯ ಮೋಡದಂತೆ ಹೊರಬೀಳುತ್ತದೆ. ನೀವು ಫೋಟೋ ತೆಗೆಸಿಕೊಳ್ಳುವ ಆ ಬಿಳಿ ಮರಳಿನ ಸಾಕಷ್ಟು ಪಾಲು ಹೀಗೆ ಮೀನಿನ ಹೊಟ್ಟೆಯನ್ನು ಹಾದು ಬಂದದ್ದು. ಉಳಿದದ್ದು ಅಲೆಗಳು ಪುಡಿಮಾಡಿದ ಹವಳ ಮತ್ತು ಚಿಪ್ಪು. ಪಾಚಿಯನ್ನು ಹೀಗೆ ಮೇಯುವ ಮೀನುಗಳಿರುವುದರಿಂದಲೇ ಹೊಸ ಹವಳದ ಮರಿಗಳಿಗೆ ಅಂಟಿಕೊಳ್ಳಲು ಜಾಗ ಸಿಗುತ್ತದೆ. ಈ ಒಂದು ದೃಶ್ಯವನ್ನು ನಿಧಾನವಾಗಿ ನೋಡಿದರೆ ಆ ನಾಡು ಹೇಗೆ ನಿಂತಿದೆ ಎಂಬುದು ಅರ್ಧ ತಿಳಿದಂತೆ.

ಕುಡಿಯುವ ನೀರಿನದೂ ಇಂಥದೇ ಸೂಕ್ಷ್ಮ ವ್ಯವಸ್ಥೆ. ಮರಳಿನೊಳಕ್ಕೆ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಬಾವಿಯಿಂದ ಮಿತಿಮೀರಿ ಎತ್ತಿದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. 2005ರಲ್ಲಿ ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸಿ ದಿನಕ್ಕೆ ಒಂದು ಲಕ್ಷ ಲೀಟರ್ ಕೊಡುವ ಸ್ಥಾವರ ಆರಂಭವಾದ ಮೇಲೆ ಅಲ್ಲಿನ ಕಷ್ಟ ಕಡಿಮೆಯಾಯಿತು. ಆದರೂ ದಿನಕ್ಕೆ ಎರಡು ಮೂರು ಸಲ ಷವರಿನ ಕೆಳಗೆ ನಿಲ್ಲುವ ಅಭ್ಯಾಸವನ್ನು ಊರಿನಲ್ಲೇ ಬಿಟ್ಟು ಹೋಗು.

ಆ ಜನ ನಮಗೆ ಅಪರಿಚಿತರೇನೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಟಿಪ್ಪುವಿನ ಕೈಯಲ್ಲಿದ್ದು, 1799ರ ನಂತರ ಬ್ರಿಟಿಷರ ವಶವಾಗಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಹಾಯಿ ಹಡಗುಗಳಲ್ಲಿ ತೆಂಗಿನ ನಾರಿನ ಹುರಿಯನ್ನೂ ಕೊಬ್ಬರಿಯನ್ನೂ ತುಂಬಿಕೊಂಡು ಮಂಗಳೂರಿನ ಬಂದರಿಗೆ ಬಂದು, ಅಕ್ಕಿ ಕೊಂಡು ಹಿಂದಿರುಗುತ್ತಿದ್ದವರು ಅವರು. ಆ ದ್ವೀಪಗಳಲ್ಲಿ ಭತ್ತ ಬೆಳೆಯುವುದಿಲ್ಲ. ಮಳೆಗಾಲದಲ್ಲಿ ಸಮುದ್ರ ಮುಚ್ಚಿತೆಂದರೆ ತಂದಿಟ್ಟ ಅಕ್ಕಿಯೇ ಆಧಾರವಾಗಿತ್ತು. ನಮ್ಮ ತುಳುನಾಡಿನ ಅಳಿಯಕಟ್ಟಿನಂತೆಯೇ ಅಲ್ಲಿಯೂ ವಂಶವನ್ನು ತಾಯಿಯ ಕಡೆಯಿಂದ ಎಣಿಸುತ್ತಾರೆ. ಅವರು ಇಸ್ಲಾಂ ಧರ್ಮವನ್ನು ಶ್ರದ್ಧೆಯಿಂದ ಪಾಲಿಸುವವರು. ಅದರೊಂದಿಗೇ ತರವಾಡಿನ, ಅಂದರೆ ತಾಯಿಯ ಕಡೆಯ ಕೂಡುಕುಟುಂಬದ, ಆಸ್ತಿ ಹೆಣ್ಣುಮಕ್ಕಳ ಮೂಲಕ ಮುಂದುವರಿಯುವ, ಮದುವೆಯ ನಂತರವೂ ಹೆಣ್ಣು ತಾಯಿಮನೆಯಲ್ಲೇ ಉಳಿಯುವ ಪದ್ಧತಿಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಗಂಡಸರು ತಿಂಗಳುಗಟ್ಟಲೆ ಹಡಗಿನಲ್ಲಿರುವ ನಾಡಿಗೆ ಇದು ಎಷ್ಟು ಹೊಂದುವ ಏರ್ಪಾಡು ಎಂಬುದನ್ನು ಯೋಚಿಸಿ ನೋಡು.

ಸಾಧ್ಯವಾದರೆ ಮಿನಿಕಾಯ್ ದ್ವೀಪವನ್ನು ತಪ್ಪಿಸಬೇಡ. ಉಳಿದ ದ್ವೀಪಗಳ ಆಡುಮಾತು ಮಲಯಾಳಕ್ಕೆ ಹತ್ತಿರವಾದ ಜೆಸೆರಿ. ಮಿನಿಕಾಯ್‌ನದು ಮಾಲ್ಡೀವ್ಸ್‌ನ ದಿವೇಹಿಗೆ ಸೇರಿದ ಮಹಲ್, ಅದರ ಲಿಪಿ ಬಲದಿಂದ ಎಡಕ್ಕೆ ಸಾಗುವ ಥಾನಾ. 1885ರ ದೀಪಸ್ತಂಭವನ್ನು ಎಲ್ಲರೂ ನೋಡುತ್ತಾರೆ, ನೀನೂ ನೋಡುವೆ. ಅದಕ್ಕಿಂತ ಅಲ್ಲಿನ ಟ್ಯೂನಾ ಹಿಡಿಯುವ ದೋಣಿಗಳನ್ನು ಗಮನವಿಟ್ಟು ನೋಡು. ಮೀನುಗಾರರು ಮೊದಲು ಲಗೂನಿನಲ್ಲಿ ಸಣ್ಣ ಬಲೆಯಿಂದ ಬೆರಳುದ್ದದ ಮೀನುಗಳನ್ನು ಹಿಡಿದು, ದೋಣಿಯ ನಡುವೆ ಇರುವ, ಸಮುದ್ರದ ನೀರು ಹರಿದಾಡುವ ತೊಟ್ಟಿಯಲ್ಲಿ ಜೀವಂತವಾಗಿ ಇಟ್ಟುಕೊಳ್ಳುತ್ತಾರೆ. ಹೊರಗಿನ ಕಡಲಿನಲ್ಲಿ ಹಕ್ಕಿಗಳು ಮುತ್ತಿರುವ ಕಡೆ ಟ್ಯೂನಾ ಹಿಂಡು ಇರುವುದನ್ನು ಗುರುತಿಸಿ, ಈ ಸಣ್ಣ ಮೀನುಗಳನ್ನು ಚೆಲ್ಲಿ, ಮಳೆಹನಿ ಬಿದ್ದಂತೆ ನೀರನ್ನು ಚಿಮುಕಿಸುತ್ತಾರೆ. ಟ್ಯೂನಾಗಳು ಮೇಲೆ ನುಗ್ಗಿದೊಡನೆ ಸಾಲಾಗಿ ನಿಂತವರು ಕೋಲಿನ ತುದಿಯ ಮುಳ್ಳಿಲ್ಲದ ಗಾಳವನ್ನು ನೀರಿಗೆ ತಾಗಿಸಿ ಎತ್ತುತ್ತಾರೆ. ಮೀನು ತಲೆಯ ಮೇಲಿಂದ ಹಾರಿ ಬಂದು ತಾನೇ ಗಾಳ ಕಳಚಿಕೊಂಡು ಹಲಗೆಯ ಮೇಲೆ ಬೀಳುತ್ತದೆ. ಒಂದೊಂದೇ ಮೀನನ್ನು ಹಿಡಿಯುವ ಈ ಕ್ರಮದಲ್ಲಿ ಆಮೆ, ಡಾಲ್ಫಿನ್‌ಗಳು ಸಿಕ್ಕಿಬಿದ್ದು ಸಾಯುವ ಪ್ರಮೇಯ ಬಹಳ ಕಡಿಮೆ. ಹೀಗೆ ಹಿಡಿದ ಟ್ಯೂನಾವನ್ನು ಬೇಯಿಸಿ, ಹೊಗೆಯಾಡಿಸಿ, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಬಿಸಿಲಿನಲ್ಲಿ ಒಣಗಿಸಿದರೆ ಅದೇ ಮಾಸ್‌ಮೀನ್.

ಇಷ್ಟು ವಿವರವಾಗಿ ಬರೆದುದಕ್ಕೆ ಕಾರಣವಿದೆ. ಆ ಬೆರಳುದ್ದದ ಮೀನುಗಳಲ್ಲಿ ಹಲವು ಜಾತಿಗಳಿಗೆ ಲಗೂನಿನ ಜೀವಂತ ಹವಳದ ಕೊಂಬೆಗಳೇ ಆಸರೆ. ಹವಳ ಸತ್ತರೆ ಅವು ಇಲ್ಲ, ಅವು ಇಲ್ಲದಿದ್ದರೆ ಟ್ಯೂನಾ ಇಲ್ಲ. ಹವಳದ ಹುಳುವಿನ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೂ ಕೊಡುತ್ತದೆ. ಬಣ್ಣವನ್ನು ಕೊಡುವುದೂ ಅದೇ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ಇದ್ದರೆ ಹುಳು ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪ ಇದನ್ನು ಅನುಭವಿಸಿದೆ. ಎರಡು ಹೊಡೆತಗಳ ನಡುವಿನ ಬಿಡುವಿನಲ್ಲಿ ಹವಳ ಮತ್ತೆ ಚಿಗುರಬಲ್ಲದು. ಆ ಬಿಡುವೇ ಈಗ ಕಿರಿದಾಗುತ್ತಿದೆ. ಕಡಲಿನ ಬಿಸಿಯನ್ನು ತಣಿಸುವುದು ನಿನ್ನ ಕೈಯಲ್ಲಿಲ್ಲ. ಈಗಾಗಲೇ ದಣಿದಿರುವ ಜೀವದ ಮೇಲೆ ಕಾಲಿಡದಿರುವುದು ಮಾತ್ರ ನಿನ್ನ ಕೈಯಲ್ಲಿದೆ.

ಆದ್ದರಿಂದ ಮೊದಲ ದಿನವೇ ಆಳಕ್ಕೆ ಇಳಿಯುವ ಆತುರ ಬೇಡ. ಮೊಣಕಾಲುದ್ದ ನೀರಿರುವ ಮರಳಿನ ಜಾಗದಲ್ಲಿ ಮಾಸ್ಕ್ ಹಾಕಿ ಉಸಿರಾಟವನ್ನು ಅಭ್ಯಾಸ ಮಾಡಿಕೋ. ಗಾಬರಿಯಾದವರು ಮೊದಲು ಮಾಡುವ ಕೆಲಸವೆಂದರೆ ಕೆಳಗೆ ಸಿಕ್ಕ ಹವಳದ ಮೇಲೆ ನಿಂತುಬಿಡುವುದು, ಮತ್ತು ಹಾಗೆ ಮುರಿದ ಕೊಂಬೆ ಮರಳಿ ಬೆಳೆಯಲು ವರ್ಷಗಳು ಬೇಕಾಗುತ್ತವೆ. ಬಿಸಿಲಿಗೆ ಮೈಗೆಲ್ಲ ಲೋಷನ್ ಬಳಿದು ನೀರಿಗಿಳಿಯುವ ಬದಲು ತುಂಬು ತೋಳಿನ ಈಜುಡುಗೆ ಧರಿಸು. ಆಮೆ ಕಂಡರೆ ಬೆನ್ನಟ್ಟಬೇಡ. ಅದು ಉಸಿರಿಗಾಗಿ ಮೇಲೆ ಬರಲೇಬೇಕು, ನೀನು ಅಡ್ಡವಾದರೆ ದಣಿಯುತ್ತದೆ. ಅಗತ್ತಿ ದ್ವೀಪದಲ್ಲಿ ಹಸಿರು ಕಡಲಾಮೆಗಳು ಹೆಚ್ಚಾಗಿ ಸಮುದ್ರದ ಹುಲ್ಲುಗಾವಲನ್ನೆಲ್ಲ ಮೇಯ್ದು ಬರಿದು ಮಾಡಿದಾಗ, ಆ ಹುಲ್ಲಿನಲ್ಲಿ ಬೆಳೆಯುವ ಮೀನುಗಳೂ ಕಡಿಮೆಯಾದವೆಂದು ಮೀನುಗಾರರು ಬೇಸರಪಟ್ಟಿದ್ದರು. ಅಂಥ ಮಾತು ಕಿವಿಗೆ ಬಿದ್ದರೆ, ಇವರಿಗೆ ಪ್ರಾಣಿದಯೆ ಇಲ್ಲವೆಂದು ತೀರ್ಪು ಕೊಡದೆ ಕುಳಿತು ಕೇಳು. ಆ ಕಡಲನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಯಾರೂ ಇಲ್ಲ.

ದಡದಲ್ಲಿ ಬಿದ್ದಿರುವ ಹವಳದ ತುಂಡನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ಹವಳವೂ, ಕಡಲ ತಳದಲ್ಲಿ ತೆವಳುವ ಕಡಲ ಸೌತೆ ಎಂಬ ಪ್ರಾಣಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಿತ ಜೀವಿಗಳು. ಸತ್ತ ತುಂಡನ್ನು ಒಯ್ಯುವುದೂ ಅಪರಾಧವೇ. ಕಾಯಿದೆಯ ಮಾತು ಹಾಗಿರಲಿ, ಮಳೆಗಾಲದ ಅಲೆಗಳಿಗೆ ದಡ ಕೊಚ್ಚಿಹೋಗದಂತೆ ತಡೆಯುವುದು ಅಂಥ ತುಂಡುಗಳೇ.

ಊರಿನೊಳಗೆ ನಡೆಯುವಾಗ ಮೈತುಂಬ ಬಟ್ಟೆ ಇರಲಿ. ಈಜುಡುಗೆ ರೆಸಾರ್ಟಿನ ದಡಕ್ಕೆ ಮಾತ್ರ. ಜನವಸತಿಯ ದ್ವೀಪಗಳಲ್ಲಿ ಮದ್ಯಕ್ಕೆ ನಿಷೇಧವಿದೆ, ನಿನ್ನ ಗೆಳತಿಯರಿಗೂ ಮೊದಲೇ ತಿಳಿಸು. ಕವರತ್ತಿಯ ಉಜ್ರಾ ಮಸೀದಿಯ ಮರದ ಕೆತ್ತನೆ ಬಹಳ ಸೊಗಸಾದದ್ದು. ಅಲ್ಲಿನ ಹಿರಿಯರನ್ನು ಕೇಳಿ, ಅವರು ಹೇಳಿದಷ್ಟು ದೂರದಲ್ಲಿ ನಿಂತು ನೋಡು. ಹೆಂಗಸರ ಫೋಟೋವನ್ನು ಕೇಳದೆ ತೆಗೆಯಬೇಡ. ಮಿನಿಕಾಯ್‌ನ ಲಾವಾ ಕುಣಿತವಾಗಲಿ, ಕೋಲ್ಕಳಿಯಾಗಲಿ ನಡೆಯುತ್ತಿದ್ದರೆ ಮೊಬೈಲನ್ನು ಚೀಲದಲ್ಲಿಟ್ಟು ಪೂರ್ತಿ ನೋಡು. ಕುಣಿಯುವವರಿಗೆ ಅದು ಪ್ರದರ್ಶನಕ್ಕಿಂತ ಹೆಚ್ಚಿನದು.

ಪಟ್ಟಿಯಿಂದ ಎರಡು ದ್ವೀಪಗಳನ್ನು ಹೊಡೆದುಹಾಕಿ, ಒಂದರಲ್ಲೇ ಹೆಚ್ಚು ದಿನ ನಿಲ್ಲುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೊರಗಿನವರಿಗೆ ಪ್ರವೇಶ ಪರವಾನಗಿ ಕಡ್ಡಾಯ. ಪೊಲೀಸ್ ಪರಿಶೀಲನೆಯ ಕಾಗದಕ್ಕೆ ಕೆಲವೊಮ್ಮೆ ತಡವಾಗುವುದರಿಂದ ಈಗಲೇ ಅರ್ಜಿ ಹಾಕು. ಕೊಚ್ಚಿಯಿಂದ ಅಗತ್ತಿಗೆ ವಿಮಾನವಿದ್ದರೂ ಹೋಗುವಾಗಲಾದರೂ ಹಡಗಿನಲ್ಲಿ ಹೋಗು. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಕಡಲು ಒರಟಾಗಿರುವುದರಿಂದ ಆ ತಿಂಗಳುಗಳು ಬೇಡ. ಒಯ್ದ ಪ್ಲಾಸ್ಟಿಕ್ ಎಲ್ಲವನ್ನೂ ಮರಳಿ ತರಲು ಒಂದು ಖಾಲಿ ಚೀಲ ಇಟ್ಟುಕೋ. ತಾರೀಖು ಗೊತ್ತಾದ ಕೂಡಲೇ ತಿಳಿಸು.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ